ಕಿವಿ ಮುರಿದ ಕಪ್ಪು

ಶನಿವಾರ ಸಂಜೆ ಇನಾಸ ಕತ್ತಿ ತೊಳೆದಿಟ್ಟ ಮೇಲೆ
ಯಾರಿಗೂ ಬೇಡವಾಗಿ ಉಳಿದದ್ದು ನಮ್ಮದು:
ಹೊಟ್ಟೆಯೊಳಗಿನ ಬಿಳಿ ಪದರ,
ಮೂತ್ರಪಿಂಡ ಸುತ್ತಿಕೊಂಡ ಮೆತ್ತೆ,
ಸಾಗುವಾನಿ ಎಲೆಯಲ್ಲಿ ಕಟ್ಟಿ, ಬಾಳೆನಾರು ಬಿಗಿದು.
ಅಮ್ಮ ದುಡ್ಡು ಕೊಡುತ್ತಿರಲಿಲ್ಲ.
ಅವನ ಹೆಂಡತಿಯ ಎರಡು ಬಾಣಂತನಕ್ಕೆ
ಎಣ್ಣೆ ತಿಕ್ಕಿದ ಲೆಕ್ಕ
ಇನ್ನೂ ತೀರಿರಲಿಲ್ಲ.

ಚರ್ಬಿ ಕರಗಿಸುವವರಿಗೆ ಅವಸರ ಆಗದು.
ಗೇರುಬೀಜದಷ್ಟು ತುಂಡು, ಮಣ್ಣಿನ ಕುಂಡ್ಲಿ,
ತಳ ಹಿಡಿಯದ ಹಾಗೆ ಒಂದು ಸೌಟು ನೀರು.
ಒಲೆಗೆ ತೆಂಗಿನ ಗರಿ ಬೇಡ, ಅದು ಭುಗ್ಗೆಂದು ಸಾಯುತ್ತದೆ;
ಗೇರುಮರದ ಎರಡು ಕೊಳ್ಳಿ, ಅಷ್ಟೆ.
ಮೊದಲು ನೀರು ಮಾತಾಡುತ್ತದೆ.
ನೀರು ಹೋದ ಮೇಲೆ ಚಟಪಟ ನಿಂತು
ಪಿಸುದನಿಯೊಂದು ಉಳಿಯುತ್ತದೆ.
ಅಮ್ಮ ಬೆನ್ನು ಹಾಕಿ ಮೀನು ಕೊಯ್ಯುತ್ತಿದ್ದವಳು
ಅಲ್ಲಿಂದಲೇ "ಆಯ್ತು, ಇಳಿಸು" ಅನ್ನುತ್ತಿದ್ದಳು.

ಕೆಂಪಗೆ ಮುರುಟಿದ ಚೂರು ಉಪ್ಪು ಬೆರೆಸಿ ನಮಗೆ.
ಅಪ್ಪನ ಹಳೆ ಬನಿಯನ್ನಿನಲ್ಲಿ ಸೋಸಿದ ತಿಳಿ
ಹಾರ್ಲಿಕ್ಸ್ ಬಾಟಲಿಗೆ.
ಬೆಳಗ್ಗೆ ಎದ್ದು ನೋಡಿದರೆ
ಸುಣ್ಣ ಬಳಿದ ಇಗರ್ಜಿಯ ಗೋಡೆಯಂಥ ಬಿಳಿ.
(ಮಾರ್ಚಿಯಲ್ಲಿ ಹಾಗಲ್ಲ; ಮಾರ್ಚಿಯಲ್ಲಿ ಅದು
ಗಟ್ಟಿಯೂ ಅಲ್ಲ, ನೀರೂ ಅಲ್ಲ,
ಶಿರ್ವದ ಸೆಕೆಯಲ್ಲಿ ನಮ್ಮ ಹಾಗೆಯೇ.)

ಆ ವರ್ಷ ರೇಷನ್ ಅಂಗಡಿಗೆ ಸೀಮೆಎಣ್ಣೆ ಬಂದದ್ದು
ಬೋರ್ಡಿನ ಮೇಲೆ ಮಾತ್ರ.
ನನಗೆ ಹತ್ತನೇ ಕ್ಲಾಸು.
ಅಮ್ಮ ಗೂಡಿನಿಂದ ಇಳಿಸಿದಳು
ಕಿವಿ ಮುರಿದ ಕಪ್ಪು, ಅಂಚಿಗೆ ನೀಲಿ ಹೂ,
ತುಂಬ ಚರ್ಬಿ, ನಡುವೆ ಅಂಗಿಯ ಚಿಂದಿಯ ಬತ್ತಿ.
ಕೂಡಲೇ ಹತ್ತುವ ಜಾತಿಯಲ್ಲ ಅದು.
ಹೊಗೆ ಕಾರಿ, ಹಟ ಹಿಡಿದು,
ಬತ್ತಿಯ ಬುಡದಲ್ಲೊಂದು ಕೆರೆ ಕರಗಿದ ಮೇಲೆ
ಉರಿ ನೆಟ್ಟಗೆ ನಿಲ್ಲುತ್ತದೆ.
"ಕಪ್ಪಿನೊಳಗೆ ಬೆಳಕು" ಅಂತ ನಾನು ನಕ್ಕೆ.
ಕೊಂಕಣಿ ಮಾತ್ರ ಗೊತ್ತಿದ್ದ ಅಮ್ಮನಿಗೆ
ಅದರಲ್ಲಿ ನಗುವುದೆಂತದು ತಿಳಿಯಲಿಲ್ಲ.

ಪಾಣಿಪತ್, ವರ್ಗಮೂಲ, ಹಳಗನ್ನಡ,
ಎಲ್ಲಕ್ಕೂ ಒಂದೇ ವಾಸನೆ,
ಮದುವೆಮನೆಯ ಮರುದಿನದ ಅಂಗಳದ್ದು.

ವಾರಿಜಾ ಉಪಾಧ್ಯ, ಬೆಂಚಿನ ಆ ತುದಿ,
ಕೋಟಲೆ ಬಂದು ಹದಿನೈದು ದಿನ ಕ್ಲಾಸು ತಪ್ಪಿದವಳು
ವಿಜ್ಞಾನದ ನೋಟ್ಸು ಕೇಳಿದಳು.
ಕೊಟ್ಟೆ.
ಕೊಟ್ಟು ಮನೆಗೆ ಬಂದ ಮೇಲೆ ನೆನಪಾಯಿತು
ಮೂವತ್ತೊಂದನೇ ಪುಟ:
ತೂಕಡಿಸಿ, ಕೈ ತಾಗಿ, ಕಪ್ಪು ವಾಲಿದ ರಾತ್ರಿ
ರೂಪಾಯಿಯಗಲ ಬಿದ್ದಿತ್ತು.
ಅವಳ ಅಜ್ಜಿ ಮಡಿ ಹೆಂಗಸು, ಮೂಸದೆ ಇರುತ್ತಾಳೆಯೆ?
ಬಾವಿಕಟ್ಟೆಯಾಚೆ ಎಸೆಯುತ್ತಾರೋ, ಒಲೆಗೆ ಹಾಕುತ್ತಾರೋ.
ಒಲೆಗೆ ಹಾಕಿದರೆ
ಒಳ್ಳೆ ಉರಿಯುತ್ತದೆ, ಅಂದುಕೊಂಡೆ.

ಮೂರನೇ ದಿನ ಬಂತು.
ಕಂದು ಕಾಗದದ ಹೊಸ ಬೈಂಡು,
ಅವಳ ದುಂಡು ಅಕ್ಷರದಲ್ಲಿ ನನ್ನ ಹೆಸರು.
ಏನೂ ಹೇಳಲಿಲ್ಲ. ಊಟದ ಬೆಲ್ಲಾದಾಗ ಮಾತ್ರ
ಜಡೆಯ ತುದಿ ತಿರುಚುತ್ತ,
"ಆ ಕಲೆ ಉಂಟಲ್ಲ, ಬೆಳಕಿಗೆ ಹಿಡಿದರೆ
ಈಚೆಯ ಹೃದಯದೊಳಗೆ
ಆಚೆಯ ಕಪ್ಪೆಯ ಕರುಳು ಕಾಣ್ತದೆ ಮಾರಾಯ್ತಿ,
ಅಕ್ಷರ ಎಲ್ಲ ತಿರುಗಿ.
ನಾನು ಎಷ್ಟು ಸಲ ಹಿಡಿದೆ ಗೊತ್ತುಂಟಾ.
ಅದು ಎಂತ ಎಣ್ಣೆ?"

ತೆಂಗಿನೆಣ್ಣೆ, ಅಂದೆ.

ಅವಳು ತಲೆಯಾಡಿಸಿದಳು.
ದಿನಾ ತಲೆಗೆ ಹಚ್ಚುವವಳಿಗೆ ಗೊತ್ತಾಗದೆ
ತೆಂಗಿನೆಣ್ಣೆ ಯಾವುದೆಂದು.

ಆ ಸಂಜೆ ಪುಟ ಹರಿಯಲೆಂದು ತೆರೆದೆ.
ಹರಿಯುವ ಮೊದಲು ಒಮ್ಮೆ ಉರಿಯೆದುರು ಹಿಡಿದೆ.
ಅಲ್ಲಿಗೆ ಮುಗಿಯಿತು, ಹರಿಯಲಿಲ್ಲ.
ಸೆರಗಿಗೆ ಕೈ ಒರೆಸುತ್ತ ಅಮ್ಮ ಬಾಗಿಲಲ್ಲಿ.
ಚರಬ್ ಎಷ್ಟು ಉಳಿದಿದೆ, ಕೇಳಿದೆ, ಅವಳ ಭಾಷೆಯಲ್ಲಿ.
ಬಾಟಲಿ ಎತ್ತಿ, ಬೆರಳಿಂದ ಅಳೆದು,
ಪರೀಕ್ಷೆ ಮುಗಿಯುವ ತನಕ ಸಾಕು, ಅಂದಳು.
ದೊಡ್ಡ ಹಂದಿ ಇತ್ತು.